ದೋಣಿ ಮಾಡಿದವರೇ ಮೊದಲು ಹತ್ತಬೇಕು



ಆಸ್ಟ್ರೇಲಿಯಾದ ಜೂಲಿಯನ್ ಬೆತ್‌ವೇಟ್ ಹಾಯಿದೋಣಿಗಳನ್ನು ತಾವೇ ರೂಪಿಸಿ, ತಾವೇ ಹತ್ತಿ ಪಂದ್ಯಕ್ಕಿಳಿದವರು. ಅವರು ರೂಪಿಸಿದ 'ಫಾರ್ಟಿನೈನರ್' ದೋಣಿಯಲ್ಲೇ ಕೊಡಗು ಮೂಲದ ಗಣಪತಿ, ಜೊತೆಗಾರ ವರುಣ್ ಠಕ್ಕರ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದರು. ಲೆಕ್ಕ ತಪ್ಪಿದರೆ ಕಾಗದ ಮುಳುಗುವುದಿಲ್ಲ, ಹತ್ತಿದವನು ಮುಳುಗುತ್ತಾನೆ.

ಬಾಬಾಸಾಹೇಬರೂ ಬರೆದು ಸುಮ್ಮನಾಗಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಮೊದಲು ತಾವು ದೀಕ್ಷೆ ಪಡೆದರು, ಆಮೇಲೆ ಲಕ್ಷಾಂತರ ಜನರಿಗೆ ಕೊಟ್ಟರು.

ನಾನು? ಇಸಳೂರಿನಲ್ಲಿ ಎಲ್ಲರಿಗೂ 22 ಪ್ರತಿಜ್ಞೆ ಹೇಳಿಕೊಡುತ್ತೇನೆ. ಮಗಳ ಮದುವೆಗೆ ಮಾತ್ರ ಗುಟ್ಟಾಗಿ ಮುಹೂರ್ತ ಕೇಳಿಸಿದ್ದೆ. "ಅಪ್ಪಾ, ಊರಿಗೆಲ್ಲ ಹೇಳ್ತೀಯ, ನಮ್ಮನೆಗೆ ಇಲ್ವಾ?" ಅಂದಳು. ತಲೆ ತಗ್ಗಿತು. ಚೀಟಿ ಹರಿದೆ. ಎಲ್ಲರಿಗೂ ರಜೆ ಇರುವ ಭಾನುವಾರಕ್ಕೆ ಮದುವೆ ಇಟ್ಟೆವು.

ಬಂಧುಗಳೇ, ಇಂದು ಒಂದೇ ಒಂದು ಪ್ರತಿಜ್ಞೆಯನ್ನು ಮೊದಲು ನಮ್ಮ ಮನೆಯಲ್ಲಿ ನಡೆಸೋಣ.

ಸಾಧು, ಸಾಧು, ಸಾಧು.