ಅಟ್ಟದ ಮೇಲಿನ ಟ್ರಂಕು ಯಾರದು?



ನಮ್ಮ ಬೆಳುವಾಯಿಯ ಕಡೆ ಹಳೆಯ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವುದು ಹೊಸ ಸಂಗತಿಯಲ್ಲ. ಕೆಡಹುವ ಮುನ್ನಾದಿನ ಅಟ್ಟದಿಂದ ಒಂದು ತಗಡಿನ ಟ್ರಂಕು ಕೆಳಗಿಳಿಯುತ್ತದೆ. ಒಳಗೆ ಅಜ್ಜನ ಕಾಲದ ಗೇಣಿ ಲೆಕ್ಕದ ಪುಸ್ತಕ, ಸಾಲಪತ್ರ, ಬೊಂಬಾಯಿಯಿಂದ ಬಂದ ಕಾಗದಗಳು, ಗೆದ್ದಲು ಹಿಡಿದ ಮದುವೆಯ ಫೋಟೊ. “ಇದನ್ನೆಲ್ಲ ಬಚ್ಚಲೊಲೆಗೆ ಹಾಕಲೇ ಅಪ್ಪಾ?” ಎಂದು ಮಗ ಕೇಳುತ್ತಾನೆ. ನೀವು ಏನು ಹೇಳುವಿರಿ?

ದಾಖಲೆ ಕಳೆದುಹೋದರೆ ಏನಾಗುತ್ತದೆಂದು ನಮ್ಮ ಸಮುದಾಯಕ್ಕೆ ಗೊತ್ತು. 1784ರಲ್ಲಿ ನಮ್ಮ ಪೂರ್ವಜರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳೂ ನೆಲಸಮವಾದವು. ಆದ್ದರಿಂದಲೇ ಅದಕ್ಕೂ ಹಿಂದಿನ ಅಜ್ಜಂದಿರ ಹೆಸರು ಹೇಳಲು ನಮ್ಮಲ್ಲಿ ಅನೇಕರು ತಡವರಿಸುತ್ತೇವೆ.

ಬಂಟ್ವಾಳವನ್ನು ನೋಡಿ. ಘಟ್ಟದಿಂದ ಗಾಡಿಯಲ್ಲಿ ಇಳಿದ ಸರಕು ಅಲ್ಲಿ ದೋಣಿಯೇರಿ ನೇತ್ರಾವತಿಯ ಮೇಲೆ ಮಂಗಳೂರು ಬಂದರಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಆ ಪೇಟೆಗೆ 1923ರಲ್ಲಿ, ಮತ್ತೆ 1974ರಲ್ಲಿ ನೆರೆ ನುಗ್ಗಿತು. ನೀರು ಒಯ್ದದ್ದನ್ನು ಯಾರೂ ತರಲಾರರು. ಆದರೆ ಉಳಿದುದನ್ನು ಕೂಡಿಡಬಹುದು. ಇತಿಹಾಸದ ಪ್ರಾಧ್ಯಾಪಕರಾದ ತುಕಾರಾಮ ಪೂಜಾರಿಯವರು ಬಿ.ಸಿ. ರೋಡಿನಲ್ಲಿ ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಸಾಮಾನ್ಯ ಜನರು ಬಳಸಿದ ಮನೆವಸ್ತುಗಳಿಗೂ ಬೇಸಾಯದ ಸಲಕರಣೆಗಳಿಗೂ ಗೌರವದ ಜಾಗ ಸಿಕ್ಕಿದೆ. ಅರಮನೆಯ ಕತ್ತಿ ಮಾತ್ರವಲ್ಲ, ಅಡುಗೆಮನೆಯ ಪಾತ್ರೆಯೂ ಚರಿತ್ರೆಯೇ.

ಆದರೆ ಟ್ರಂಕಿನಲ್ಲಿ ನಮಗೆ ನಾಚಿಕೆ ತರುವ ಕಾಗದವೂ ಇದ್ದರೆ? 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ತಾವು ಉತ್ತ ಗದ್ದೆ ತಮ್ಮದೆಂದು ಒಕ್ಕಲಿನವರು ಭೂನ್ಯಾಯ ಮಂಡಳಿಯ ಮುಂದೆ ಡಿಕ್ಲರೇಶನ್ ಕೊಡಬೇಕಾಯಿತು. ಎಷ್ಟೋ ಬಡವರ ಕೈಯಲ್ಲಿ ಗೇಣಿ ರಸೀದಿ ಇರಲಿಲ್ಲ. ಅವರು ಅಳೆದುಕೊಟ್ಟ ಅಕ್ಕಿಮುಡಿಗಳ ಲೆಕ್ಕ ಧನಿಯ ಮನೆಯ ಪುಸ್ತಕದಲ್ಲಷ್ಟೇ ಇತ್ತು. ಅಂಥ ಪುಸ್ತಕವೊಂದು ನಿಮ್ಮ ಟ್ರಂಕಿನಲ್ಲಿದ್ದರೆ ಅದು ನಿಮ್ಮದು ಮಾತ್ರವೇ? ಬೇರೆ ಕಾಗದವೇ ಇಲ್ಲದ ಒಂದು ಕುಟುಂಬದ ಬೆವರಿಗೆ ಅದೊಂದೇ ಸಾಕ್ಷಿ.

ತಂದೆತಾಯಿಯರನ್ನು ಗೌರವಿಸೆಂಬ ನಾಲ್ಕನೆಯ ಆಜ್ಞೆ ಹಳೆಯದನ್ನು ಉಳಿಸಲು ನಮ್ಮನ್ನು ಪ್ರೇರೇಪಿಸುತ್ತದೆ. ಆದರೆ ಹೆಮ್ಮೆಯ ಫೋಟೊ ಗೋಡೆಗೆ ತೂಗಿ, ನಾಚಿಕೆಯ ಲೆಕ್ಕವನ್ನು ಒಲೆಗೆ ಹಾಕಿದರೆ ಸುಳ್ಳುಸಾಕ್ಷಿ ಬೇಡವೆಂಬ ಎಂಟನೆಯ ಆಜ್ಞೆಗೆ ಏನುತ್ತರ ಕೊಡೋಣ?

“ನೆರೆಯವರ ಮಾನ ಹೋಗುವ ಸಾಲಪತ್ರವಿದ್ದರೆ ಅದನ್ನೂ ಊರಿಗೆಲ್ಲ ತೋರಿಸಬೇಕೇ?” ಎಂದು ನೀವು ಕೇಳಬಹುದು. ಬೇಡ. ಮುಚ್ಚಿಡುವುದು ಬೇರೆ, ಸುಡುವುದು ಬೇರೆ. ಪಕ್ಕದ ಮೂಡಬಿದಿರೆಯಲ್ಲಿ ಜೈನ ಬಂಧುಗಳು ಧವಲಾ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಬಸದಿಯೊಳಗೆ ಕಾಪಾಡಿದರು. ಹೊರಗೆ ಕೊಡಲಿಲ್ಲ, ಹಾಳಾಗಲೂ ಬಿಡಲಿಲ್ಲ. ಹೀಗೆ ಕಾದುದರಿಂದಲೇ ಕಾಲ ಬಂದಾಗ ಪ್ರತಿ ಮಾಡಿಸಲು ಸಾಧ್ಯವಾಯಿತು, 1939ರಿಂದ ಅವು ಅಚ್ಚಾಗತೊಡಗಿದವು.

ನಾವೂ ಅಷ್ಟು ಮಾಡೋಣ. ಇಂದೇ ಸಂಜೆ, ತೇರ್ಸ ಮುಗಿದ ಮೇಲೆ, ಮನೆಯ ಹಿರಿಯರನ್ನು ಕೂರಿಸಿಕೊಂಡು ಫೋಟೊಗಳ ಹಿಂದೆ ಹೆಸರು, ಊರು, ವರ್ಷ ಬರೆದಿಡಿ. ಕಾಗದಗಳನ್ನು ಒಣಗಿದ ಜಾಗದಲ್ಲಿಡಿ. ಮನೆಯಲ್ಲಿ ಕಾಯಲಾಗದಿದ್ದರೆ, ಜೋಪಾನ ಮಾಡುವ ಸಂಗ್ರಹಕ್ಕೆ ಒಪ್ಪಿಸಿ. ಯಾವುದನ್ನು ಈಗ ತೆರೆಯಬಾರದೆಂದು ಹೇಳಿ ಕೊಡಿ. ಒಕ್ಕಲಿನ ಮನೆಯ ಮೊಮ್ಮಕ್ಕಳು ಕೇಳಿ ಬಂದರೆ ಅವರ ಅಜ್ಜನ ಹೆಸರಿರುವ ಪುಟವನ್ನು ತೋರಿಸಿ.

ಟ್ರಂಕಿನ ಬೀಗದ ಕೈ ನಮ್ಮ ಸೊಂಟದಲ್ಲಿರಬಹುದು. ಒಳಗಿರುವುದು ಮಾತ್ರ ಊರಿನ ನ್ಯಾಸ.