ಮನವರಿತು ನಡೆಯುವ ಮಕ್ಕಳು

‘ಮಗನನ್ನು ಕಾನ್ವೆಂಟಿಗೆ ಹಾಕಿದ್ದೇವೆ’ ಎಂದು ಹೇಳುವ ತಂದೆತಾಯಿಗಳ ದನಿಯಲ್ಲಿ ಹೆಮ್ಮೆಯೊಡನೆ ಇನ್ನೊಂದು ಭಾವವೂ ಬೆರೆತಿರುವುದನ್ನು ಓದುಗರು ಗಮನಿಸಿರಬಹುದು. ಅದು ಹೊರೆ ಇಳಿಸಿದವನ ನಿರಾಳ. ಕಾನ್ವೆಂಟ್ ಎಂದರೆ ಸನ್ಯಾಸಿನಿಯರು ವಾಸಿಸುವ ಮಠ. ನಮ್ಮ ಜನರ ಬಾಯಲ್ಲಿ ಅದು ಇಂಗ್ಲಿಷ್ ಕಲಿಸುವ ಶಾಲೆಯೆಂದಾಗಿ, ಸನ್ಯಾಸಿನಿಯರ ಸುಳಿವೇ ಇಲ್ಲದ ಕಟ್ಟಡಗಳಿಗೂ ಅದೇ ಹೆಸರು ಅಂಟಿಕೊಂಡಿದೆ. ಅದಿರಲಿ. ದಾಂಡೇಲಿಯ ಕಾಗದದ ಕಾರ್ಖಾನೆಯ ನೌಕರನಾಗಲಿ ಹಳಿಯಾಳದ ಅಂಗಡಿಕಾರನಾಗಲಿ ಕ್ಯಾಥೊಲಿಕ್ ಶಾಲೆಯ ಬಾಗಿಲಿಗೆ ಮಗುವನ್ನು ಕರೆತರುವಾಗ ಕೇಳುವುದು ಇಂಗ್ಲಿಷನ್ನು, ಶಿಸ್ತನ್ನು. ಕೇಳದೆಯೇ ನಿರೀಕ್ಷಿಸುವುದು, ಮಗು ‘ಒಳ್ಳೆಯದಾಗಿ’ ಹೊರಬರಲಿ ಎಂಬುದನ್ನು. ಶುಲ್ಕ ನಮ್ಮದು, ಸಂಸ್ಕಾರ ನಿಮ್ಮದು ಎಂಬ ಒಂದು ಬಗೆಯ ಕರಾರು. ಅತ್ತ ಶಿಕ್ಷಕರ ಕೊಠಡಿಯಲ್ಲಿ ಕೇಳಿಬರುವ ಮಾತು ಇದಕ್ಕೆ ಸರಿಯಾದ ಜೋಡಿ: ‘ಮನೆಯಲ್ಲೇ ಹೇಳಿಕೊಡದಿದ್ದರೆ ನಾವು ಐದಾರು ಗಂಟೆಯಲ್ಲಿ ಏನು ಮಾಡೋಣ?’ ಎರಡು ಮಾತಿನಲ್ಲೂ ಸತ್ಯವಿದೆ. ಎರಡೂ ಮಾತು ಮಗುವನ್ನು ನಡುಬೀದಿಯಲ್ಲಿ ನಿಲ್ಲಿಸುತ್ತವೆ.

ನಾವು ಮಕ್ಕಳಲ್ಲಿ ಬಯಸುವ ಆ ಗುಣಕ್ಕೆ ಕನ್ನಡದಲ್ಲಿ ಹೆಸರೇನು? ಹುಡುಕಹೊರಟರೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ‘ಮರ್ಯಾದೆ’ ಎಂದರೆ ಅದು ಮೇಲಿನವರ ಕಡೆಗೆ ಮುಖ ಮಾಡಿದ ಗುಣ. ಕಸ ಗುಡಿಸುವವಳಿಗೆ ಯಾರೂ ಮರ್ಯಾದೆ ಕಲಿಸಿಕೊಡುವುದಿಲ್ಲ. ‘ಕನಿಕರ’ ಕೆಳಗಿನವರ ಕಡೆಗೆ ಬಾಗಿದ್ದು. ಸರೀಕನ ಮೇಲೆ ಕನಿಕರ ತೋರಿಸಿದರೆ ಅವನು ಸಿಟ್ಟಾಗುತ್ತಾನೆ. ‘ದಾಕ್ಷಿಣ್ಯ’ ಹಿಂದೆ ಒಳ್ಳೆಯ ಪದವಾಗಿತ್ತು. ಈಗ ಇಲ್ಲವೆನ್ನಲಾರದವನ ಸಂಕಟವಾಗಿ ಉಳಿದಿದೆ. ‘ಸೌಜನ್ಯ’ ಮೈಮೇಲಿನ ಅಂಗಿ. ನಾನು ಹೇಳಬೇಕೆಂದಿರುವ ಗುಣ ಇವಾವುವೂ ಅಲ್ಲ: ಪಕ್ಕದಲ್ಲಿರುವವನೂ ತನ್ನಷ್ಟೇ ನಿಜವಾದ ಮನುಷ್ಯ, ಅವನಿಗೂ ಹಸಿವು ನಾಚಿಕೆಗಳಿವೆ ಎಂಬುದು ಯಾರೂ ನೆನಪಿಸದೆಯೇ ನೆನಪಿಗೆ ಬರುವುದು, ಮತ್ತು ಆ ನೆನಪಿನಿಂದ ತನ್ನ ಕೈಬಾಯಿಗಳು ಸ್ವಲ್ಪ ತಡೆಯುವುದು. ಹಿರಿಯರು ಬಳಸುವ ಸಾದಾ ಮಾತೊಂದಿದೆ, ಮನವರಿತು ನಡೆಯುವುದು ಎಂದು. ಅದೇ ಸಾಕು.

ಇದನ್ನು ಕಲಿಸಲು ಬರುತ್ತದೆಯೆ? ಪ್ರಶ್ನೆ ಹಳೆಯದು. ಪ್ಲೇಟೋ ಬರೆದ ‘ಮೆನೋ’ ಸಂವಾದದಲ್ಲಿ ಸಾಕ್ರಟೀಸ್ ಅಥೆನ್ಸಿನ ಮಹಾಪುರುಷ ಥೆಮಿಸ್ಟೊಕ್ಲೀಸನ ಮಗನ ಉದಾಹರಣೆ ಕೊಡುತ್ತಾನೆ. ಆ ಹುಡುಗನಿಗೆ ಓಡುವ ಕುದುರೆಯ ಬೆನ್ನ ಮೇಲೆ ನಿಂತು ಈಟಿ ಎಸೆಯುವುದನ್ನೂ ಕಲಿಸಲಾಗಿತ್ತು. ತಂದೆಯ ಹಿರಿಮೆ ಮಾತ್ರ ಅವನಿಗೆ ಬರಲಿಲ್ಲ. ಕಲಿಸಲು ಬರುವಂಥದಾಗಿದ್ದರೆ ತಂದೆ ಅದನ್ನೇ ಬಿಟ್ಟುಬಿಡುತ್ತಿದ್ದನೆ? ಅರಿಸ್ಟಾಟಲ್ ಇದಕ್ಕೆ ಬೇರೊಂದು ದಾರಿಯಿಂದ ಉತ್ತರಿಸಿದ: ಸದ್ಗುಣ ಪಾಠದಿಂದ ಬರುವುದಲ್ಲ, ಮಾಡುತ್ತ ಮಾಡುತ್ತ ಕೈಗೆ ಹತ್ತುವುದು, ವೀಣೆ ನುಡಿಸಿ ವೈಣಿಕನಾಗುವ ಹಾಗೆ. ಹೌದಾದರೆ, ಕಲಿಸುವವರು ಯಾರು ಎಂಬುದಕ್ಕಿಂತ, ಮಗು ದಿನದಿನವೂ ಇದನ್ನು ಎಲ್ಲಿ ಮಾಡಿ ನೋಡುತ್ತದೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಅಂಥ ಅಭ್ಯಾಸಕ್ಕೆ ಉತ್ತರ ಕನ್ನಡದ ಈ ಮೂಲೆಗಿಂತ ಅನುಕೂಲವಾದ ಸ್ಥಳ ನಾಡಿನಲ್ಲಿ ಹೆಚ್ಚಿಲ್ಲ. ಇತ್ತೀಚಿನವರೆಗೆ ಹಳಿಯಾಳ ತಾಲೂಕಿಗೆ ಸೇರಿದ್ದ ದಾಂಡೇಲಿ, 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಬಂದ ಮೇಲೆ ಹತ್ತು ದಿಕ್ಕಿನ ಜನರ ಊರಾಯಿತು. ಜೋಯಿಡಾದಲ್ಲಿ ಕುಣಬಿಗಳು, ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಮನೆಮಾರು ಮುಳುಗಿ ರಾಮನಗರಕ್ಕೆ ಬಂದವರು. ಕಾಡಂಚಿನಲ್ಲಿ ಎಮ್ಮೆ ಸಾಕುವ ಧನಗರ ಗೌಳಿಗಳು. ಮುಂಡಗೋಡದಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು. ಮತ್ತೆ ಸಿದ್ದಿಗಳು: ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದವರ ವಂಶಸ್ಥರು, ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕ್ರೈಸ್ತ ಒಡೆಯರಿಂದ ಓಡಿಬಂದವರ ಮೊಮ್ಮಕ್ಕಳ ಮಕ್ಕಳು ಇಂದು ಕ್ರೈಸ್ತ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ಮುಂಡಗೋಡದ ಲೊಯೋಲ ವಿಕಾಸ ಕೇಂದ್ರದ ಯೇಸುಸಭೆಯವರು ಸಿದ್ದಿಗಳ ನಡುವೆ ದುಡಿದಿದ್ದಾರೆ. ಇತಿಹಾಸಕ್ಕೆ ಪ್ರಾಯಶ್ಚಿತ್ತವೆಂದು ಇದನ್ನು ಯಾರೂ ಕರೆಯಲಿಲ್ಲ. ಕರೆಯದಿದ್ದದ್ದೇ ಚೆನ್ನಾಯಿತು.

ಇಂಥ ಒಂದು ತರಗತಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಶಾಲೆ ಮಾಡಬಲ್ಲದ್ದು, ಮನೆ ಎಷ್ಟು ಒಳ್ಳೆಯದಾಗಿದ್ದರೂ ಮಾಡಲಾರದ್ದು, ಇದು: ತಾನು ಆರಿಸಿಕೊಳ್ಳದ ನೆರೆಯವನನ್ನು ಮಗುವಿಗೆ ಕೊಡುವುದು. ಮನೆ ತನ್ನವರನ್ನು ಪ್ರೀತಿಸುವುದನ್ನು ಕಲಿಸುತ್ತದೆ. ಆ ಪ್ರೀತಿಗೆ ಬೇಲಿ ಉಂಟು. ಬೇಲಿಯಿಲ್ಲದಿದ್ದರೆ ಅದು ಮನೆಯೇ ಆಗುತ್ತಿರಲಿಲ್ಲ. ಲೂಕನ ಸುವಾರ್ತೆಯಲ್ಲಿ ಒಬ್ಬ ಧರ್ಮಶಾಸ್ತ್ರಿ, ತನ್ನ ನೆರೆಯವನು ಯಾರು ಎಂದು ಯೇಸುವನ್ನು ಕೇಳಿದಾಗ, ದಾರಿಯಲ್ಲಿ ಪೆಟ್ಟುತಿಂದು ಬಿದ್ದಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯನ ಕಥೆ ಬರುತ್ತದೆ. ಆ ಸಮಾರ್ಯ ಯೆಹೂದ್ಯರ ಕಣ್ಣಿಗೆ ಮುಟ್ಟಬಾರದವನಂತಿದ್ದ. ಕಥೆಯ ಮೊನೆ ಇರುವುದೇ ಅಲ್ಲಿ. ಶಾಲೆಯ ಪಕ್ಕದ ಊರಿನಲ್ಲೇ ಟಿಬೆಟಿನ ಭಿಕ್ಷುಗಳು ಗೌರವದಿಂದ ಓದುವ ಶಾಂತಿದೇವನ ‘ಬೋಧಿಚರ್ಯಾವತಾರ’ವೂ ತನ್ನನ್ನು ಪರನ ಜಾಗದಲ್ಲಿ, ಪರನನ್ನು ತನ್ನ ಜಾಗದಲ್ಲಿ ಇಟ್ಟು ನೋಡುವ ಸಾಧನೆಯನ್ನು ಬೋಧಿಸುತ್ತದೆ. ಗುಂಗುರು ಕೂದಲಿನ ಹುಡುಗಿಯ ತಲೆಯನ್ನು ಹಿಂದಿನ ಬೆಂಚಿನವನು ತಮಾಷೆಗೆಂದು ಮುಟ್ಟಿ ನಗುವಾಗ, ಈ ಎರಡು ಗ್ರಂಥಗಳೂ ಒಟ್ಟಿಗೆ ಪರೀಕ್ಷೆಗೆ ಕೂರುತ್ತವೆ.

ಆದರೆ ಶಾಲೆಯ ಒಳ್ಳೆಯತನಕ್ಕೆ ಒಂದು ಕೊರತೆಯಿದೆ. ಅಲ್ಲಿ ಎಲ್ಲವನ್ನೂ ಯಾರೋ ನೋಡುತ್ತಿರುತ್ತಾರೆ. ಸಾಲಿನಲ್ಲಿ ನಿಲ್ಲುವುದಕ್ಕೆ ಗುರುತು, ಒಳ್ಳೆಯ ನಡತೆಗೆ ವಾರ್ಷಿಕೋತ್ಸವದಲ್ಲಿ ಬಹುಮಾನ. ಆ ಬಹುಮಾನದ ವಿಚಾರದಲ್ಲಿ ನನಗೆ ಯಾವತ್ತೂ ಸಂಶಯವೇ; ಮನವರಿತು ನಡೆಯುವ ಹುಡುಗ ಅದನ್ನು ಗೆಲ್ಲುವಷ್ಟು ಕಣ್ಣಿಗೆ ಬೀಳುವುದಿಲ್ಲ. ಬಹುಮಾನವಿಲ್ಲದ ಜಾಗ ಮನೆ. ಪಾತ್ರೆ ತೊಳೆಯಲು ಬಂದವಳು ಒಂದು ಗಂಟೆ ತಡವಾಗಿ ಬಂದಾಗ ತಾಯಿ ಮೊದಲು ಆಡುವ ಮಾತು ಯಾವುದು? ಮುದಿ ಅಜ್ಜ ಮೂರನೆಯ ಸಲ ಅದೇ ಪ್ರಶ್ನೆ ಕೇಳಿದಾಗ ತಂದೆ ಪತ್ರಿಕೆಯಿಂದ ತಲೆ ಎತ್ತುತ್ತಾನೆಯೆ? ಮಗುವಿನ ನಿಜವಾದ ನೀತಿಪಾಠ ಇಂಥ ಹೊತ್ತಿನಲ್ಲಿ ನಡೆಯುತ್ತದೆ. ಶಾಲೆಯಲ್ಲಿ ದಿನಕ್ಕೆ ಹತ್ತು ಸಲ ‘ಸಾರಿ’, ‘ಥ್ಯಾಂಕ್ಯೂ’ ಎನ್ನುವ ಬಾಯಿ ಮನೆಗೆ ಬಂದು ಆಳನ್ನು ಏಕವಚನದಲ್ಲಿ ಗದರಿಸಿದರೆ, ಇಂಗ್ಲಿಷಿನ ಸೌಜನ್ಯ ಕನ್ನಡಕ್ಕೆ ಇಳಿದೇ ಇಲ್ಲವೆಂದು ಅರ್ಥ.

ಹಾಗಾದರೆ ಮನೆ ಒಂದು ಭಾಗ, ಶಾಲೆ ಒಂದು ಭಾಗ ಎಂದು ಹಂಚಿಕೊಂಡರೆ ಸಾಲದೆ? ಸಾಲದು. ಮಗು ನೋಡುವುದು ಮನೆಯನ್ನೂ ಶಾಲೆಯನ್ನೂ ಮಾತ್ರವಲ್ಲ. ಅವೆರಡೂ ಎದುರುಬದುರಾದಾಗ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನೂ ಅದು ನೋಡುತ್ತದೆ. ಕಾಡಂಚಿನ ದೊಡ್ಡಿಯಿಂದ ಬಂದ ಒಬ್ಬ ಗೌಳಿ ತಂದೆಯನ್ನು ಊಹಿಸಿಕೊಳ್ಳಿ. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ‘ಸಿಸ್ಟರ, ನಮಗ ಇಂಗ್ಲಿಷ್ ತಿಳಿಯೂದಿಲ್ರಿ, ಹುಡುಗ ಹೆಂಗದಾನ್ರಿ?’ ಎಂದು ಕೇಳುತ್ತಾನೆ. ಅವನಿಗೆ ಕುರ್ಚಿ ತೋರಿಸಿ, ಅವನ ಮಾತಿನಲ್ಲೇ ಮಗನ ಬಗ್ಗೆ ಎರಡು ಒಳ್ಳೆಯ ಸಂಗತಿ ಹೇಳಿದರೆ, ಬಾಗಿಲ ಮರೆಯಲ್ಲಿ ನಿಂತ ಹುಡುಗ ಕಲಿಯುವುದು ಯಾವ ಪಠ್ಯದಲ್ಲೂ ಇಲ್ಲ. ಹೊರಗೆ ಕಾಯಲು ಹೇಳಿ, ಅವನ ಹಿಂದೆ ಕಾರಿನಲ್ಲಿ ಬಂದವರನ್ನು ಮುಂದೆ ಕರೆದರೆ, ಅದನ್ನೂ ಹುಡುಗ ಕಲಿಯುತ್ತಾನೆ. ಅದೂ ಆಯುಷ್ಯಪೂರ್ತಿ ಮರೆಯದ ಹಾಗೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಊಟದ ಹೊತ್ತಿನಲ್ಲಿ ಮಗುವಿನ ಎದುರೇ ಟೀಚರನ್ನು ಹಾಸ್ಯ ಮಾಡುವ ಮನೆ, ಅಲ್ಪ ಸಂಬಳಕ್ಕೆ ದುಡಿಯುವ ಅಧ್ಯಾಪಿಕೆಯನ್ನು ತಾನು ಕೂಲಿ ಕೊಟ್ಟು ಇಟ್ಟುಕೊಂಡ ಆಳೆಂಬಂತೆ ಫೋನಿನಲ್ಲಿ ವಿಚಾರಿಸುವ ಮನೆ, ಇವು ಸಂಸ್ಕಾರವನ್ನು ಬೇಡುವ ಕೈಯಿಂದಲೇ ಅದನ್ನು ಹೊಸಕುತ್ತವೆ. ಮನೆ–ಶಾಲೆಗಳ ಸಹಕಾರವೆಂಬುದು ಪಾಠಕ್ಕೆ ಬೇಕಾದ ಸಾಮಗ್ರಿಯಲ್ಲ, ಅದೇ ಪಾಠ.

ಈ ವಿಚಾರದಲ್ಲಿ ಕ್ಯಾಥೊಲಿಕ್ ಸಭೆಯ ಸ್ವಂತ ನಿಲುವು ಸ್ಪಷ್ಟವಾಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಸಾರಿ, ಅಧ್ಯಾಪಕರು ಅವರೊಡನೆ ಕೂಡಿ ದುಡಿಯಬೇಕೆಂದು ಹೇಳಿತು. ನಮ್ಮ ಸಂವಿಧಾನದ 28ನೆಯ ವಿಧಿಯೂ, ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಅಪ್ರಾಪ್ತ ಮಗು ಮತಬೋಧನೆಗೆ ಕೂರಬೇಕಾದರೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕೆಂದಿತು. 2012ರ ತಿದ್ದುಪಡಿ ಅಲ್ಪಸಂಖ್ಯಾತರ ಶಾಲೆಗಳಲ್ಲಿ ಆ ಸಮಿತಿಯದು ಬರೀ ಸಲಹೆ ಎಂದಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ, ಕಾಯಿದೆಯೇ ಆ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಇದರ ಸರಿತಪ್ಪನ್ನು ವಕೀಲರಿಗೆ ಬಿಡೋಣ. ಕಾನೂನು ಒತ್ತಾಯಿಸದ ಕಡೆ ಪಾಲಕರನ್ನು ಒಳಗೆ ಕರೆಯುವ ಶಾಲೆ, ಮಕ್ಕಳಿಗೆ ಕಲಿಸಬೇಕೆಂದಿರುವ ಗುಣವನ್ನು ತಾನೇ ಮೊದಲು ತೋರಿಸಿದಂತಾಯಿತು. ಮನವರಿತು ನಡೆಯುವುದೆಂದರೆ ಕೇಳುವ ಮೊದಲೇ ಕೊಡುವುದು ತಾನೆ?

ಕಷ್ಟದ ಸಂಗತಿ ಬೇರೆ ಇದೆ. ಮನೆಯೇ ಮಗುವಿಗೆ ‘ಅವರ ಡಬ್ಬಿಯಿಂದ ತಿನ್ನಬೇಡ, ಅವರು ನಮ್ಮ ಪೈಕಿ ಅಲ್ಲ’ ಎಂದು ಹೇಳಿ ಕಳಿಸಿದರೆ? ಇದು ನಮ್ಮ ಸಮಾಜದಲ್ಲಿ ಅಪರೂಪದ ಮಾತೇನೂ ಅಲ್ಲ. ಮಾಂಸದ ನೆಪದಲ್ಲೋ ಶುಚಿಯ ನೆಪದಲ್ಲೋ ಜಾತಿ ಊಟದ ಡಬ್ಬಿಯೊಳಗೆ ಬರುತ್ತದೆ. ಸಹಕಾರವೆಂದು ಶಾಲೆ ಇದಕ್ಕೂ ತಲೆದೂಗಬೇಕೆ? ಕೂಡದು. ಮನೆಗೆ ಮಗುವಿನ ಮೇಲಿರುವ ಹಕ್ಕು, ಇನ್ನೊಂದು ಮಗುವನ್ನು ಅವಮಾನಿಸುವ ಹಕ್ಕಲ್ಲ. ಏನನ್ನು ತಿನ್ನಬೇಕು ಎಂಬುದರಲ್ಲಿ ಮನೆಯ ಮಾತು ನಡೆಯಲಿ. ಯಾರ ಪಕ್ಕದಲ್ಲಿ ಕೂತು ತಿನ್ನಬೇಕು ಎಂಬುದರಲ್ಲಿ ಶಾಲೆ ಜಗ್ಗಬಾರದು. ಸಸ್ಯಾಹಾರಿ ಹುಡುಗ ತನ್ನ ಚಪಾತಿಯನ್ನೇ ತಿಂದರೂ ಮೂಗು ಮುಚ್ಚದೆ ತಿನ್ನಲು ಸಾಧ್ಯ. ಹಾಗೆಂದು ತರಗತಿಯ ನಡುವೆ ‘ನಿನ್ನ ಅಪ್ಪ ಅಮ್ಮ ಹೇಳಿದ್ದು ಪಾಪ’ ಎನ್ನುವ ಅಧ್ಯಾಪಕ ಮಾಡುವ ಕೆಡುಕು ಚಿಕ್ಕದಲ್ಲ. ಹತ್ತು ವರ್ಷದ ಮಗುವಿಗೆ ತಾಯಿ ಬೇಕೋ ನ್ಯಾಯ ಬೇಕೋ ಎಂದು ಕೇಳಿದರೆ ಅದು ತಾಯಿಯನ್ನು ಹಿಡಿಯುತ್ತದೆ, ಹಿಡಿಯಲೂ ಬೇಕು, ಕೈಬಿಟ್ಟುಹೋಗುವುದು ನ್ಯಾಯ. ಆ ಮಾತು ದೊಡ್ಡವರ ನಡುವೆ, ಬಾಗಿಲು ಮುಚ್ಚಿ, ಚಹಾ ಕುಡಿಯುತ್ತ ಆಗಬೇಕು. ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಕೆಲವು ತಂದೆತಾಯಿಗಳು ಮಗುವನ್ನು ಬಿಡಿಸಿಕೊಂಡು ಹೋದಾರು. ಆ ನಷ್ಟಕ್ಕೆ ಶಾಲೆ ಸಿದ್ಧವಿರಬೇಕು.

ಶಾಲೆಯ ಕಡೆಯ ತಪ್ಪುಗಳೂ ಇಷ್ಟೇ ಗಂಭೀರ. ಮನೆಮಾತು ಆಡಿದ ಮಗುವಿಗೆ ದಂಡ ಹಾಕುವ ಪದ್ಧತಿ ನಮ್ಮ ಎಷ್ಟೋ ಇಂಗ್ಲಿಷ್ ಶಾಲೆಗಳಲ್ಲಿ ಇತ್ತು. ಇಂದಿಗೂ ಪೂರ್ತಿ ಹೋಗಿಲ್ಲ. ಅವ್ವನ ಭಾಷೆಗೆ ಎರಡು ರೂಪಾಯಿ ದಂಡವೆಂದರೆ ಅವ್ವನಿಗೇ ದಂಡ. ಶುಲ್ಕ ಕಟ್ಟದವರ ಹೆಸರನ್ನು ತರಗತಿಯಲ್ಲಿ ಕೂಗಿ ಓದುವುದೂ ಇದೇ ಜಾತಿಯದು. ಇಟಲಿಯ ತೂರಿನ್ ನಗರದಲ್ಲಿ ಬೀದಿ ಹುಡುಗರಿಗೆ ಶಾಲೆ ಕಟ್ಟಿದ ಡಾನ್ ಬಾಸ್ಕೊ, ಹೆದರಿಸಿ ತಿದ್ದುವ ಪದ್ಧತಿಯನ್ನು ಬಿಟ್ಟು ಅಕ್ಕರೆಯಿಂದ ತಪ್ಪನ್ನು ಮೊದಲೇ ತಡೆಯುವ ಪದ್ಧತಿಯನ್ನು 1877ರಲ್ಲೇ ಬರೆದಿಟ್ಟ. ಓದಿದವರು ಬಹಳ, ಬೆತ್ತ ಕೆಳಗಿಟ್ಟವರು ಅಷ್ಟು ಬಹಳವಲ್ಲ.

ಇನ್ನು ಪಾಲಕರ ಸಭೆ. ಕೆಲಸದ ದಿನ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದು, ಬರದವರನ್ನು ‘ಕಾಳಜಿಯಿಲ್ಲದವರು’ ಎನ್ನುವುದು ಸುಲಭ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವನು ಆಗ ನಿದ್ದೆಯಲ್ಲಿರುತ್ತಾನೆ. ಕೂಲಿಯವಳಿಗೆ ಅದು ಒಂದು ದಿನದ ದುಡಿಮೆ. ಜೋಯಿಡಾದ ಒಳ ಹಳ್ಳಿಗಳಿಂದ ಬಂದು ವಸತಿನಿಲಯದಲ್ಲಿರುವ ಮಗುವಿನ ತಾಯಿ ಮಳೆಗಾಲದಲ್ಲಿ ಹಳ್ಳ ದಾಟಿ ಬಸ್ಸು ಹಿಡಿಯುವುದೇ ಒಂದು ಸಾಹಸ. ಅಂಥವರ ಬಳಿಗೆ ಶಾಲೆಯೇ ಹೋಗಬೇಕು. ಮಳೆ ನಿಂತು ಸುಗ್ಗಿ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ, ಇಬ್ಬರು ಅಧ್ಯಾಪಕರು ಮಗುವನ್ನೇ ದಾರಿ ತೋರಿಸಲು ಕರೆದುಕೊಂಡು ನಡೆದುಹೋದರೆ ಆಯಿತು. ಅಂಗಳದಲ್ಲಿ ಚಾಪೆ ಹಾಸುತ್ತಾರೆ. ಅಂಕಪಟ್ಟಿಯನ್ನು ಚೀಲದಿಂದ ತೆಗೆಯುವ ಮೊದಲು ಅವರು ಕೊಟ್ಟ ಬೆಲ್ಲ ನೀರನ್ನು ಕುಡಿಯಬೇಕು. ಕುಡಿದರೋ ಇಲ್ಲವೋ ಎಂಬುದನ್ನು ಮಗು ನೋಡುತ್ತಿರುತ್ತದೆ.