ಬಚ್ಚಲುಮನೆಯ ಬೂಷ್ಟು ಮತ್ತು ಯತ್ನಾಚಾರ

ಚಿತ್ರದುರ್ಗದ ಕೋಟೆಬೆಟ್ಟದ ತಪ್ಪಲಿನಲ್ಲಿರುವ ಚಂದ್ರವಳ್ಳಿಯ ಸೀಮೆಯಲ್ಲಿ ಮಳೆ ಕಡಿಮೆ. ಆದರೂ ಅಲ್ಲಿಯ ಮನೆಗಳ ಬಚ್ಚಲುಗೋಡೆಗೆ ಕಪ್ಪು ಬೂಷ್ಟು ಹಿಡಿಯುವುದುಂಟು. ತಿಕ್ಕಿ ತೊಳೆದರೂ ಮತ್ತೆ ಮೂಡುವುದುಂಟು. ವ್ರತನಿಷ್ಠಳಾದ ಶ್ರಾವಕಿಗೆ ಇದು ಧರ್ಮಸಂಕಟ. ಬೂಷ್ಟಿನಂತಹುದು ಒಂದೇ ಶರೀರದಲ್ಲಿ ಅನಂತ ಜೀವಗಳುಳ್ಳ ಸಾಧಾರಣ ವನಸ್ಪತಿಯೆಂಬುದು ಆಗಮದ ಮತ. ಉಜ್ಜಿದರೆ ಹಿಂಸೆ; ಬಿಟ್ಟರೆ ಉಬ್ಬಸವುಳ್ಳ ಅತ್ತೆಗೆ ಬಾಧೆ.

ಅಣುವ್ರತಿಯಾದ ಗೃಹಸ್ಥನು ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ತ್ಯಜಿಸಿದವನು. ಸ್ಥಾವರಹಿಂಸೆಯನ್ನು ಪೂರ್ಣವಾಗಿ ಬಿಡಲಾರನು. ಆದುದರಿಂದ ಶುಚಿಗೊಳಿಸುವುದು ವ್ರತಭಂಗವಲ್ಲ. ಆದರೆ ಅಷ್ಟಕ್ಕೇ ಸಮಾಧಾನಪಡತಕ್ಕದ್ದಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇವೆ. ನಿಂತ ತೇವವೂ ಸಾಬೂನಿನ ಜಿಡ್ಡೂ ದೊರೆತಲ್ಲಿ ಬೆಳೆಯುತ್ತವೆ. ಗೋಡೆಯನ್ನು ತೇವವಾಗಿಯೇ ಬಿಟ್ಟು ಜೀವರಾಶಿಯ ಉತ್ಪತ್ತಿಗೆ ಎಡೆಗೊಟ್ಟು, ಪಕ್ಷಕ್ಕೊಮ್ಮೆ ಅದನ್ನು ನಾಶಮಾಡುವುದರಲ್ಲಿ ಆ ಪ್ರಮಾದವಿದೆ.

ಆದುದರಿಂದ ಒಮ್ಮೆ ಚೆನ್ನಾಗಿ ಶುಚಿಮಾಡಿ, ಬಳಿಕ ಪ್ರತಿದಿನವೂ ಮಿಂದವರೇ ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ ಕಿಟಕಿಯನ್ನು ತೆರೆದಿಡಲಿ. ಸೋರುವ ನಲ್ಲಿಯನ್ನು ಸರಿಪಡಿಸಲಿ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಆರಂಭತ್ಯಾಗವಿರುವುದರಿಂದ ತಿಕ್ಕುವ ಕಾರ್ಯವನ್ನು ಅಂದು ಮಾಡಬಾರದು. ದಿನವೂ ಒಣಗಿದ ಗೋಡೆಯಿದ್ದರೆ ಅಂದು ಆ ಚಿಂತೆಯೂ ಇರದು.